ಮನೆಯಲ್ಲಿ ಇಂಗ್ಲಿಷ್ ಇಲ್ಲದ ಮಗುವಿಗೆ ಯಾವ ಶಾಲೆ? ಮಲೆನಾಡಿನ ಅಪ್ಪ-ಅಮ್ಮಂದಿರಿಗೆ ಒಂದು ಹೋಲಿಕೆ

ಮನೆಯಲ್ಲಿ ಯಾರೂ ಇಂಗ್ಲಿಷ್ ಮಾತಾಡುವುದಿಲ್ಲ. ಅಕ್ಕಪಕ್ಕದಲ್ಲೂ ಇಲ್ಲ. ಮಗುವಿಗೆ ಇಂಗ್ಲಿಷ್ ಅಂದರೆ ಬಿಸ್ಕತ್ ಪ್ಯಾಕೆಟ್ ಮೇಲಿನ ಅಕ್ಷರ, ಮೊಬೈಲಿನ ನಾಲ್ಕು ಹಾಡು, ಅಷ್ಟೇ. ಇಂಥ ಮಗುವನ್ನು ಯಾವ ಶಾಲೆಗೆ ಹಾಕೋದು ಅನ್ನುವುದು ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ ಪ್ರತಿ ವರ್ಷದ ಚರ್ಚೆ. ಚರ್ಚೆ ಬೇಗ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಕನ್ನಡ ಮೀಡಿಯಮ್ಮಾ, ಇಂಗ್ಲಿಷ್ ಮೀಡಿಯಮ್ಮಾ?

ನನ್ನ ಪ್ರಕಾರ ಅದು ಅರ್ಧ ಪ್ರಶ್ನೆ. ಪಾಠ ಅರ್ಥವಾಗದೆ ಹೋದಾಗ ಮಗು ಯಾವ ಭಾಷೆಯಲ್ಲಿ ಕೇಳಬಹುದು, ಕೇಳಿದರೆ ಯಾರು ಬಿಡಿಸಿ ಹೇಳುತ್ತಾರೆ, ಎಷ್ಟು ವರ್ಷ ಹೀಗೆ ಹೇಳಲು ತಯಾರಿದ್ದಾರೆ ಅನ್ನುವುದು ಉಳಿದರ್ಧ. ಈ ಉಳಿದರ್ಧ ಶಾಲೆಯ ಬೋರ್ಡಿನ ಮೇಲೆ ಬರೆದಿರುವುದಿಲ್ಲ. ಹಾಗಾಗಿ ನಮ್ಮ ಕಡೆ ಸಿಗುವ ದಾರಿಗಳನ್ನು ಇದೇ ಲೆಕ್ಕದಲ್ಲಿ ಹೋಲಿಸಿ ನೋಡೋಣ.

ಮೊದಲು ಒಂದೆರಡು ಮಾತು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಚೀನೀ ಮಕ್ಕಳ ಪರವಾಗಿ ಒಂದು ಕೇಸು ನಡೆದಿತ್ತು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಟೀಚರ್ ಕೊಟ್ಟುಬಿಟ್ಟರೆ ಸಮಾನತೆ ಆಗುವುದಿಲ್ಲ, ಭಾಷೆ ತಿಳಿಯದ ಮಗುವಿಗೆ ನೆರವು ಬೇಕು ಎಂದು 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಅಂಥ ದೇಶಗಳಲ್ಲಿ ಇಂಥ ಮಕ್ಕಳನ್ನು ದಿನಕ್ಕೆ ಒಂದು ಪೀರಿಯಡ್ ಬೇರೆ ಕೋಣೆಗೆ ಕರೆದು ಕಲಿಸುತ್ತಾರೆ. ಇಲ್ಲವೇ ತರಗತಿಯಲ್ಲೇ ಇನ್ನೊಬ್ಬ ಟೀಚರ್ ಪಕ್ಕ ಕೂತು ಹೇಳಿಕೊಡುತ್ತಾರೆ. ನಮ್ಮಲ್ಲಿ ಇಡೀ ತರಗತಿಗೇ ಇಂಗ್ಲಿಷ್ ಬರುವುದಿಲ್ಲ. ಬೇರೆ ಕೋಣೆಗೆ ಯಾರನ್ನು ಕರೆಯುವುದು? ನೆರವು ಪಾಠದ ಒಳಗೇ ಇರಬೇಕು. ಇಲ್ಲದಿದ್ದರೆ ಅದು ಇಲ್ಲವೇ ಇಲ್ಲ.

ಇನ್ನೊಂದು ವಿಷಯ. ಕೆನಡಾದ ಜಿಮ್ ಕಮ್ಮಿನ್ಸ್ ಎಂಬ ಸಂಶೋಧಕರು ವಲಸೆ ಬಂದ ಮಕ್ಕಳನ್ನು ಗಮನಿಸಿ ಒಂದು ವ್ಯತ್ಯಾಸ ತೋರಿಸಿದರು. ಆಟದ, ಹರಟೆಯ ಭಾಷೆ ಸುಮಾರು 2 ವರ್ಷದಲ್ಲಿ ಬಂದುಬಿಡುತ್ತದೆ. ಪಠ್ಯಪುಸ್ತಕದ ಭಾಷೆ ಹಿಡಿತಕ್ಕೆ ಬರಲು 5ರಿಂದ 7 ವರ್ಷ ಬೇಕು. ನೆನಪಿಡಿ, ಅದು ಅಂಗಡಿಯಲ್ಲೂ ಬಸ್ಸಿನಲ್ಲೂ ಇಂಗ್ಲಿಷ್ ಕಿವಿಗೆ ಬೀಳುವ ಊರಿನ ಲೆಕ್ಕ. ಹೊಸನಗರದ ಒಂದು ಒಂಟಿ ಮನೆಯಿಂದ ಶಾಲೆಗೆ ಬರುವ ಮಗುವಿಗೆ ಅದಕ್ಕಿಂತ ಕಡಿಮೆ ಸಮಯ ಸಾಕಾಗುತ್ತದೆ ಅಂತ ನಂಬುವುದು ಕಷ್ಟ. ಯುಕೆಜಿ ಮುಗಿಯುವಷ್ಟರಲ್ಲಿ ‘ಮೇ ಐ ಕಮಿನ್ ಮಿಸ್’ ಅಂದರೆ ಇಂಗ್ಲಿಷ್ ಬಂತು ಅಂತ ನಾವು ಖುಷಿಪಡುತ್ತೇವೆ. ನಾಲ್ಕನೇ ತರಗತಿಯ ಪರಿಸರ ಪಾಠ ಓದಲು ಬೇಕಾಗುವ ಇಂಗ್ಲಿಷೇ ಬೇರೆ.

ಊರಿನ ಸರ್ಕಾರಿ ಕನ್ನಡ ಶಾಲೆ

ಇಲ್ಲಿ ಗಣಿತ, ಪರಿಸರ ಎಲ್ಲ ಕನ್ನಡದಲ್ಲಿ. ಇಂಗ್ಲಿಷ್ ಒಂದು ವಿಷಯ. 2007-08ರಿಂದ ರಾಜ್ಯದಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ‘ಸರ್ಕಾರಿ ಶಾಲೇಲಿ ಐದನೇ ಕ್ಲಾಸಿನ ತನಕ ಎಬಿಸಿಡಿನೂ ಇಲ್ಲ’ ಅನ್ನೋದು ಅಜ್ಜಂದಿರ ಕಾಲದ ಮಾತು.

ಚಿಕ್ಕ ತರಗತಿಗಳಲ್ಲಿ ನಲಿ-ಕಲಿ ಇರುತ್ತದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುತ್ತಾರೆ, ಬೇರೆ ಬೇರೆ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಮಲೆನಾಡಿಗೆ ಇದು ಹೊಂದುತ್ತದೆ, ಯಾಕೆಂದರೆ ನಮ್ಮ ಎಷ್ಟೋ ಶಾಲೆಗಳಲ್ಲಿ ಎಲ್ಲ ತರಗತಿ ಸೇರಿದರೂ ಮಕ್ಕಳು ಬೆರಳೆಣಿಕೆಯಷ್ಟು. ಎಲ್ಲರೂ ಇದನ್ನು ಕೊರತೆ ಅಂತಲೇ ಹೇಳುತ್ತಾರೆ. ಆದರೆ ಭಾಷೆ ಕಲಿಯುವ ಮಟ್ಟಿಗೆ ಇದು ಲಾಭವೂ ಹೌದು. ಹತ್ತು ಮಕ್ಕಳಿದ್ದರೆ ಒಬ್ಬೊಬ್ಬರಿಂದಲೂ ದಿನಾ ಒಂದು ಸಾಲು ಇಂಗ್ಲಿಷ್ ಓದಿಸಬಹುದು. ನಲವತ್ತು ಮಕ್ಕಳ ಕಾನ್ವೆಂಟಿನಲ್ಲಿ ಅದು ಆಗದ ಮಾತು.

ಕಷ್ಟ ಎಲ್ಲಿ? ಟೀಚರ್ ಒಬ್ಬರೇ ಇದ್ದು, ಅವರಿಗೆ ಮೀಟಿಂಗು, ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ ಎಲ್ಲ ಸೇರಿದರೆ ಮೊದಲು ಕತ್ತರಿ ಬೀಳುವುದು ಇಂಗ್ಲಿಷ್ ಪೀರಿಯಡ್ಡಿಗೆ. ಟೀಚರಿಗೇ ಇಂಗ್ಲಿಷ್ ಅಂದರೆ ಅಳುಕಿದ್ದರೆ ಪಾಠ ಬೋರ್ಡಿನಿಂದ ನೋಟ್‌ಬುಕ್ಕಿಗೆ ನಕಲು ಮಾಡುವುದಕ್ಕೆ ಇಳಿಯುತ್ತದೆ. ಆಗ ಮಗು ಏಳನೇ ತರಗತಿಗೆ ಬಂದರೂ ಅಕ್ಷರ ದುಂಡಗೆ ಬರೆಯುತ್ತದೆ, ಒಂದು ವಾಕ್ಯ ಓದುವುದಿಲ್ಲ.

ಇದನ್ನು ತಿಳಿಯಲು ಒಂದು ಸುಲಭ ದಾರಿ ಇದೆ. ಶಾಲೆಗೆ ಹೋದಾಗ ನಾಲ್ಕನೇ ತರಗತಿಯ ಒಬ್ಬ ಹುಡುಗನಿಗೆ ಇಂಗ್ಲಿಷ್ ಪುಸ್ತಕದ ಮುಂದಿನ, ಇನ್ನೂ ಪಾಠವಾಗದ ಪುಟ ತೆಗೆದು ಕೊಡಿ. ರೈಮ್ಸ್ ಹೇಳಿಸಬೇಡಿ, ಅದು ಬಾಯಿಪಾಠ. ಅವನು ತಡವರಿಸಿದರೂ ಅಕ್ಷರ ಕೂಡಿಸಿ ಓದಲು ನೋಡಿದರೆ ಆ ಶಾಲೆಯಲ್ಲಿ ಕಲಿಕೆ ನಡೆಯುತ್ತಿದೆ.

ಕನ್ನಡ ಚೆನ್ನಾಗಿ ಓದಲು ಬಂದ ಮಗು ಇಂಗ್ಲಿಷ್ ಓದುವಾಗ ಸೊನ್ನೆಯಿಂದ ಶುರು ಮಾಡುವುದಿಲ್ಲ. ಅಕ್ಷರಕ್ಕೂ ಸದ್ದಿಗೂ ಇರುವ ನಂಟು, ಓದಿದ್ದರಲ್ಲಿ ಅರ್ಥ ಹುಡುಕುವ ಅಭ್ಯಾಸ, ಇದೆಲ್ಲ ಜೊತೆಗೇ ಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಲ್ಲಿ ಕಲಿಸಿ ಅಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದ ಮಟ್ಟಿಗೆ ಹಾಗೆಯೇ ಮಾಡಿ ಎನ್ನುತ್ತದೆ. ಇದರ ಹಿಂದೆ ಇರುವುದು ಭಾಷಾಭಿಮಾನ ಒಂದೇ ಅಲ್ಲ.

ಇನ್ನೊಂದು ಲೆಕ್ಕವನ್ನು ಬಹಳ ಮಂದಿ ತಡವಾಗಿ ನೋಡುತ್ತಾರೆ. ಸಿಇಟಿ ಮೂಲಕ ಸಿಗುವ ವೃತ್ತಿಪರ ಕೋರ್ಸುಗಳ ಸೀಟಿನಲ್ಲಿ ಕನ್ನಡ ಮಾಧ್ಯಮದವರಿಗೆ 5%, ಗ್ರಾಮೀಣ ವಿದ್ಯಾರ್ಥಿಗಳಿಗೆ 15% ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗಿನ ಅಷ್ಟೂ ವರ್ಷಗಳನ್ನು ನೋಡುತ್ತಾರೆ, ಬೇರೆ ಷರತ್ತುಗಳೂ ಇವೆ. ಮಧ್ಯೆ ಎರಡು ವರ್ಷ ಶಿವಮೊಗ್ಗ ಸಿಟಿಯಲ್ಲಿ ಓದಿಸಿ ವಾಪಸ್ ಕರೆತಂದರೆ ಗ್ರಾಮೀಣ ಕೋಟಾ ಕೈತಪ್ಪುತ್ತದೆ. ಇದೊಂದಕ್ಕೇ ಶಾಲೆ ಆರಿಸಬೇಡಿ. ಆದರೆ ಗೊತ್ತಿಲ್ಲದೆ ಕಳೆದುಕೊಳ್ಳಲೂ ಬೇಡಿ.

ಸರ್ಕಾರಿ ಶಾಲೆಯ ಇಂಗ್ಲಿಷ್ ವಿಭಾಗ

2019-20ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಕನ್ನಡದ ಜೊತೆಗೇ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತು. ಆಮೇಲೆ ಇನ್ನಷ್ಟು ಶಾಲೆಗಳು ಸೇರಿದವು. ಅದಕ್ಕೂ ಒಂದು ವರ್ಷ ಮೊದಲು, 2018-19ರಲ್ಲಿ, ಒಂದೇ ಆವರಣದಲ್ಲಿ ಚಿಕ್ಕ ಮಕ್ಕಳಿಂದ ಪಿಯುಸಿವರೆಗೆ ಓದುವಂತೆ 176 ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಮಾಡಿದರು. ನಮ್ಮ ಕಡೆ ಜನ ಕೆಪಿಎಸ್ ಅನ್ನುವುದು ಇದನ್ನೇ.

ಇಲ್ಲಿ ಗಣಿತ, ಪರಿಸರದ ಪುಸ್ತಕಗಳು ಎರಡೂ ಭಾಷೆಯಲ್ಲಿ ಇರುತ್ತವೆ, ಕನ್ನಡಕ್ಕೆ ಎದುರಾಗಿ ಇಂಗ್ಲಿಷ್. ಮನೆಯಲ್ಲಿ ಇಂಗ್ಲಿಷ್ ಬಾರದ ಅಮ್ಮನೂ ಮಗುವಿನ ಪಕ್ಕ ಕೂತು ಪಾಠ ನೋಡಬಹುದು. ಕಾನ್ವೆಂಟಿನ ಪುಸ್ತಕದಲ್ಲಿ ಈ ಅನುಕೂಲ ಇಲ್ಲ. ಟೀಚರಿಗೂ ಕನ್ನಡದಲ್ಲಿ ವಿವರಿಸಿ ಇಂಗ್ಲಿಷಿಗೆ ದಾಟಲು ಮುಜುಗರ ಇರುವುದಿಲ್ಲ, ವ್ಯವಸ್ಥೆಯೇ ಹಾಗಿದೆ.

ಸರಿಯಾಗಿ ನಡೆದರೆ ಮನೆಯಲ್ಲಿ ಇಂಗ್ಲಿಷ್ ಇಲ್ಲದ ಮಗುವಿಗೆ ಇಂಗ್ಲಿಷ್ ಮಾಧ್ಯಮದ ದಾರಿಗಳಲ್ಲಿ ಇದೇ ಒಳ್ಳೆಯದು ಅಂತ ನನಗನ್ನಿಸುತ್ತದೆ. ‘ಸರಿಯಾಗಿ ನಡೆದರೆ’ ಅನ್ನೋದು ದೊಡ್ಡ ಮಾತು ಬಿಡಿ. ಕನ್ನಡ ವಿಭಾಗ, ಇಂಗ್ಲಿಷ್ ವಿಭಾಗ ಎರಡನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಒಬ್ಬರೇ ಟೀಚರ್ ಪಾಠ ಮಾಡಿದರೆ ಇಂಗ್ಲಿಷ್ ವಿಭಾಗ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಅಲ್ಲಿ ಹೋದಾಗ ನೇರವಾಗಿ ಕೇಳಿ: ಇಂಗ್ಲಿಷ್ ವಿಭಾಗಕ್ಕೆ ಬೇರೆ ಟೀಚರ್ ಇದ್ದಾರಾ? ಅವರು ಕಾಯಂ ಟೀಚರ್ರಾ, ಅತಿಥಿ ಶಿಕ್ಷಕರಾ? ಅತಿಥಿ ಶಿಕ್ಷಕರು ಚೆನ್ನಾಗಿ ಕಲಿಸುವುದಿಲ್ಲ ಅಂತಲ್ಲ. ಆದರೆ ಅವರು ವರ್ಷ ವರ್ಷ ಬದಲಾಗಬಹುದು, ಮಗುವಿನ ಭಾಷೆ ಎಲ್ಲಿಗೆ ಬಂದಿದೆ ಅಂತ ನೆನಪಿಟ್ಟುಕೊಳ್ಳುವವರು ಬೇರೆ ಯಾರೂ ಇರುವುದಿಲ್ಲ. ಆಮೇಲೆ ಯಾವುದಾದರೂ ಮಗುವಿನ ಗಣಿತದ ನೋಟ್ಸು ತೆರೆದು ನೋಡಿ. ಲೆಕ್ಕದ ಪ್ರಶ್ನೆ ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಕನ್ನಡದ ಒಂದೆರಡು ಪದ ಕಂಡರೆ ಒಳ್ಳೆಯ ಲಕ್ಷಣ.

ಒಂದು ಎಚ್ಚರ: ಇಂಗ್ಲಿಷ್ ವಿಭಾಗದಲ್ಲಿ ಓದಿದ ವರ್ಷಗಳು ಕನ್ನಡ ಮಾಧ್ಯಮದ ಲೆಕ್ಕಕ್ಕೆ ಬರುವುದಿಲ್ಲ. ಶಾಲೆ ಹಳ್ಳಿಯಲ್ಲಿದ್ದರೆ ಗ್ರಾಮೀಣ ಲೆಕ್ಕಕ್ಕೆ ತೊಂದರೆ ಇಲ್ಲ.

ಪೇಟೆಯ ಖಾಸಗಿ ಶಾಲೆ

ಬೆಳಿಗ್ಗೆ ಏಳಕ್ಕೆಲ್ಲ ವ್ಯಾನು. ತಿರುವಿನ ದಾರಿ, ಜುಲೈ ಮಳೆ, ವಾಂತಿ ಮಾಡಿಕೊಳ್ಳುವ ಮಕ್ಕಳು. ಸಂಜೆ ಮನೆ ಮುಟ್ಟುವಷ್ಟರಲ್ಲಿ ಮಗುವಿಗೆ ಯಾವ ಭಾಷೆಯೂ ಬೇಡ, ನಿದ್ದೆ ಬೇಕು. ದೂರವನ್ನೂ ಭಾಷೆಯ ಲೆಕ್ಕದಲ್ಲೇ ನೋಡಿ ಅಂತ ನಾನು ಹೇಳುವುದು ಇದಕ್ಕೆ. ಮನೆಯಲ್ಲಿ ಮಾತಾಡುವ, ಕಥೆ ಕೇಳುವ, ಓದುವ ಎರಡು ಗಂಟೆಯನ್ನು ವ್ಯಾನು ತಿನ್ನುತ್ತದೆ.

ಪೋಷಕರು ಇಲ್ಲಿಗೆ ಯಾಕೆ ಕಳಿಸುತ್ತಾರೆ ಅನ್ನೋದು ಅರ್ಥವಾಗದ್ದೇನಲ್ಲ. ಮಕ್ಕಳು ಹೆಚ್ಚಿದ್ದಾರೆ, ತರಗತಿಗೊಬ್ಬರು ಟೀಚರ್ ಇದ್ದಾರೆ, ಇಂಗ್ಲಿಷ್ ದಿನಾ ಕಿವಿಗೆ ಬೀಳುತ್ತದೆ. ಒಳ್ಳೆಯ ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ಟೀಚರ್ ಕನ್ನಡದಲ್ಲಿ ಸಮಾಧಾನ ಮಾಡುತ್ತಾ, ಇಂಗ್ಲಿಷಿನಲ್ಲಿ ಹಾಡಿಸುತ್ತಾ, ನಿಧಾನಕ್ಕೆ ದಾಟಿಸುತ್ತಾರೆ. ಇಂಥವರು ಸಿಕ್ಕರೆ ಫೀಸು ಕೊಟ್ಟದ್ದಕ್ಕೆ ಮೋಸವಿಲ್ಲ.

ಇನ್ನೊಂದು ಬಗೆಯ ಶಾಲೆಯೂ ಇದೆ. ಅಲ್ಲಿ ಕನ್ನಡ ಮಾತಾಡಿದರೆ ದಂಡ, ಇಲ್ಲವೇ ತರಗತಿಯ ಮುಂದೆ ನಿಲ್ಲಿಸುವುದು. ಇದನ್ನು ಶಿಸ್ತು ಅಂತ ಹೆಮ್ಮೆಯಿಂದ ಹೇಳಿಕೊಳ್ಳುವವರೂ ಇದ್ದಾರೆ. ನಮ್ಮ ಪರಿಚಯದ ಮನೆಯೊಂದರ ಹುಡುಗಿ ಅಂಥ ಕಡೆ ಹೋಗುತ್ತಿದ್ದಳು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವವಳು ಶಾಲೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಬಾತ್‌ರೂಮಿಗೆ ಹೋಗಬೇಕು ಅಂತ ಕೇಳಲೂ ಹಿಂಜರಿಕೆ. ‘ನಿಮ್ಮ ಮಗಳು ಮಂಕು’ ಅಂತ ಡೈರಿಯಲ್ಲಿ ಬರೆದು ಕಳಿಸಿದರು, ಅದನ್ನೂ ಇಂಗ್ಲಿಷಿನಲ್ಲೇ. ಮನೆಯವರು ಅದನ್ನು ಓದಿಸಿಕೊಳ್ಳಲು ಪಕ್ಕದ ಮನೆಗೆ ಹೋಗಬೇಕಾಯಿತು. ಕನ್ನಡಕ್ಕೆ ದಂಡ ಹಾಕುವ ಶಾಲೆಯನ್ನು ಎಷ್ಟೇ ಹೆಸರಿದ್ದರೂ ಪಟ್ಟಿಯಿಂದ ತೆಗೆದುಹಾಕಿ. ಈ ಒಂದು ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಕಾನೂನಿನ ಕಡೆಯಿಂದ ತಿಳಿದಿರಬೇಕಾದದ್ದು ಸ್ವಲ್ಪ. ಪ್ರಾಥಮಿಕ ಶಾಲೆಯಲ್ಲಿ ಮನೆಮಾತೇ ಮಾಧ್ಯಮ ಆಗಬೇಕು ಅಂತ ಸರ್ಕಾರ ಖಾಸಗಿಯವರಿಗೆ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. ಆದರೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಯಾವ ಬೋರ್ಡಿನ ಶಾಲೆಯಾದರೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು. ಇನ್ನು, ಒಂದನೇ ತರಗತಿಗೆ ಸೇರಿಸುವಾಗ ಮಗುವಿಗಾಗಲಿ ಅಪ್ಪ-ಅಮ್ಮನಿಗಾಗಲಿ ಇಂಟರ್‌ವ್ಯೂ ಮಾಡಿ ಆರಿಸುವುದನ್ನು ಶಿಕ್ಷಣ ಹಕ್ಕು ಕಾಯ್ದೆ ಒಪ್ಪುವುದಿಲ್ಲ. ‘ಅಪ್ಪ-ಅಮ್ಮ ಇಬ್ಬರೂ ಡಿಗ್ರಿ ಮಾಡಿದ್ದೀರಾ?’ ಅಂತ ಕೇಳಿದರೆ ಕುಗ್ಗಬೇಡಿ. ಮನೆಯಲ್ಲಿ ಹೇಳಿಕೊಡುವವರಿದ್ದಾರಾ ಅನ್ನುವುದು ಅದರ ಅರ್ಥ. ತಿರುಗಿ ನೀವೇ ಕೇಳಿ: ‘ಹೇಳಿಕೊಡುವವರಿಲ್ಲದ ಮಗುವಿಗೆ ನೀವೇನು ಮಾಡ್ತೀರಿ?’ ಅವರು ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿತು.

ಸಿಬಿಎಸ್‌ಇನಾ, ಸ್ಟೇಟ್ ಸಿಲಬಸ್ಸಾ ಅನ್ನುವ ವಾದದಲ್ಲಿ ಆರು ವರ್ಷದ ಮಗುವಿಗೆ ಏನೂ ಇಲ್ಲ. ಅದನ್ನು ಎಂಟನೇ ತರಗತಿಗೆ ಮುಂದೂಡಿ.

ಕನ್ನಡವೂ ಮನೆಮಾತಲ್ಲದಿದ್ದರೆ

ಮೇಲಿನ ಮಾತೆಲ್ಲ ಮನೆಯಲ್ಲಿ ಕನ್ನಡ ಇದೆ ಅಂದುಕೊಂಡು ಹೇಳಿದ್ದು. ಜಿಲ್ಲೆಯಲ್ಲಿ ಎಲ್ಲರ ಮನೆಯಲ್ಲೂ ಹಾಗಿಲ್ಲ. ಶಿಕಾರಿಪುರ, ಶಿವಮೊಗ್ಗ ತಾಲೂಕಿನ ತಾಂಡಾಗಳಲ್ಲಿ ಲಂಬಾಣಿ ಇದೆ. ಭದ್ರಾವತಿಯ ಕಾರ್ಖಾನೆಗಳ ಕಾಲದಿಂದ ತಮಿಳು ಮನೆಗಳಿವೆ. ಉರ್ದು ಇದೆ, ಕೊಂಕಣಿ ಇದೆ. ಹವ್ಯಕ ಮನೆಯ ಮಗುವಿಗೆ ಶಾಲೆಯ ಕನ್ನಡ ಬೇರೆ ಅನ್ನಿಸಿದರೂ ಕೆಲವೇ ವಾರದಲ್ಲಿ ಹೊಂದಿಕೊಳ್ಳುತ್ತದೆ. ಲಂಬಾಣಿ ಮಗುವಿಗೆ ಹಾಗಲ್ಲ. ಅದಕ್ಕೆ ಕನ್ನಡವೇ ಎರಡನೇ ಭಾಷೆ, ಇಂಗ್ಲಿಷ್ ಮೂರನೆಯದು.

ಇಂಥ ಮಗುವನ್ನು ನೇರವಾಗಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಟೀಚರ್ ‘ಬಿಡಿಸಿ ಹೇಳುವುದೂ’ ಅರ್ಥವಾಗದ ಭಾಷೆಯಲ್ಲೇ ಆಗುತ್ತದೆ. ಇಲ್ಲಿ ನಾನು ಕನ್ನಡ ಶಾಲೆಯ ಕಡೆ ವಾಲುತ್ತೇನೆ. ಕಾರಣ ಸರಳ: ಕನ್ನಡ ಬೀದಿಯಲ್ಲಿ, ಅಂಗಡಿಯಲ್ಲಿ, ಆಟದಲ್ಲಿ ಸಿಗುತ್ತದೆ, ಇಂಗ್ಲಿಷ್ ಸಿಗುವುದಿಲ್ಲ. ಅಂಗನವಾಡಿಗೆ ತಪ್ಪದೆ ಕಳಿಸುವುದು ಇವರಿಗೆ ಎಲ್ಲರಿಗಿಂತ ಮುಖ್ಯ. ಅಂಗನವಾಡಿ ಟೀಚರಿಗೋ ಸಹಾಯಕಿಗೋ ಲಂಬಾಣಿ ಗೊತ್ತಿದ್ದರೆ ಅದಕ್ಕಿಂತ ಒಳ್ಳೆಯ ನೆರವು ಬೇರೆ ಇಲ್ಲ. ಉರ್ದು ಮನೆಯವರಿಗೆ ಸರ್ಕಾರಿ ಉರ್ದು ಶಾಲೆಯ ದಾರಿಯೂ ಇದೆ. ಅಲ್ಲಿ ಕನ್ನಡವನ್ನು ಎಷ್ಟು ಗಟ್ಟಿಯಾಗಿ ಕಲಿಸುತ್ತಾರೆ ಅಂತ ನೋಡಿ ತೀರ್ಮಾನಿಸಿ. ಮುಂದೆ ಹೈಸ್ಕೂಲಿಗೆ ಬೇರೆ ಕಡೆ ಹೋಗಬೇಕಾದರೆ ಅದು ಬೇಕಾಗುತ್ತದೆ.

ಆಮೇಲೆ ಬದಲಿಸೋಣ ಅನ್ನುವವರಿಗೆ

‘ಐದನೇ ತನಕ ಇಲ್ಲೇ ಓದಲಿ, ಆಮೇಲೆ ಇಂಗ್ಲಿಷಿಗೆ ಹಾಕೋಣ’ ಅನ್ನುವುದು ನಮ್ಮ ಕಡೆ ಬಹಳ ಮನೆಗಳ ಯೋಚನೆ. ಕೆಟ್ಟದ್ದಲ್ಲ. ಆದರೆ ಯಾವ ತರಗತಿಯಲ್ಲಿ ಬದಲಿಸುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಆರನೇ ತರಗತಿ ಒಳ್ಳೆಯ ಹೊತ್ತು. ಗಾಜನೂರಿನ ಜವಾಹರ್ ನವೋದಯ ವಸತಿ ಶಾಲೆಗೆ ಪ್ರವೇಶ ಇರುವುದು ಆಗಲೇ, ಅದರ ಪರೀಕ್ಷೆ ಬರೆಯುವುದು ಐದನೇ ತರಗತಿಯಲ್ಲಿರುವಾಗ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಕನಿಷ್ಠ 75% ಸೀಟು ಗ್ರಾಮೀಣ ಮಕ್ಕಳಿಗೆ. ಮೊದಲ ವರ್ಷಗಳಲ್ಲಿ ಪ್ರಾದೇಶಿಕ ಭಾಷೆಯಲ್ಲಿ ಪಾಠ, ದೊಡ್ಡ ತರಗತಿಗೆ ಬಂದಮೇಲೆ ವಿಜ್ಞಾನ, ಗಣಿತ ಇಂಗ್ಲಿಷಿನಲ್ಲಿ. ದಾಟುವ ಸೇತುವೆಯನ್ನು ಯೋಜನೆಯಲ್ಲೇ ಕಟ್ಟಿದ್ದಾರೆ ಅನ್ನುವುದು ಇದರ ದೊಡ್ಡ ಗುಣ. ಸೀಟು ಸಿಗುವುದು ಕಷ್ಟ, ಅದು ಬೇರೆ ಮಾತು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಆರನೇ ತರಗತಿಗೇ ಪ್ರವೇಶ. ಮಗುವಿಗೆ ಹಾಸ್ಟೆಲ್ ಒಗ್ಗುತ್ತದಾ ಅನ್ನೋದನ್ನು ಭಾಷೆಗಿಂತ ಮೊದಲು ಯೋಚಿಸಿ.

ಎಂಟನೇ ತರಗತಿಯಲ್ಲಿ ಬದಲಿಸುವುದು ನನ್ನ ಕಣ್ಣಿಗೆ ಎಲ್ಲಕ್ಕಿಂತ ಕಷ್ಟದ್ದು. ಹೊಸ ಶಾಲೆ, ಹೊಸ ಗೆಳೆಯರು, ವಿಜ್ಞಾನ ಒಮ್ಮೆಲೇ ದಪ್ಪವಾಗಿರುತ್ತದೆ, ಮೇಲೆ ಹೊಸ ಮಾಧ್ಯಮ. ಹತ್ತನೇ ತರಗತಿ ಕಣ್ಣೆದುರೇ ಇರುತ್ತದೆ. ಆಗ ಮಕ್ಕಳು ಅರ್ಥ ಬಿಟ್ಟು ಗೈಡು ಹಿಡಿಯುತ್ತಾರೆ. ಎಂಟಕ್ಕೆ ಬದಲಿಸಲೇಬೇಕು ಅಂತಿದ್ದರೆ ಏಳನೇ ತರಗತಿಯಲ್ಲೇ ತಯಾರಿ ಶುರುವಾಗಲಿ.

ಇಲ್ಲವೇ ಹತ್ತರವರೆಗೂ ಕನ್ನಡದಲ್ಲೇ ಓದಿಸಿ. ಕನ್ನಡ ಮಾಧ್ಯಮದ ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡಕ್ಕೆ 125 ಅಂಕ, ಇಂಗ್ಲಿಷಿಗೆ 100. ಗಣಿತ, ವಿಜ್ಞಾನ, ಸಮಾಜ ಎಲ್ಲ ಅರ್ಥವಾಗುವ ಭಾಷೆಯಲ್ಲಿ ಬರೆಯುತ್ತಾರೆ. ಕಷ್ಟ ಬರುವುದು ಪಿಯುಸಿ ಸೈನ್ಸಿಗೆ ಸೇರಿದಾಗ. ಮೊದಲ ತಿಂಗಳುಗಳಲ್ಲಿ ಫಿಸಿಕ್ಸ್ ಕಷ್ಟವೋ ಇಂಗ್ಲಿಷ್ ಕಷ್ಟವೋ ಅಂತಲೇ ಗೊತ್ತಾಗುವುದಿಲ್ಲ. ಚೆನ್ನಾಗಿ ಓದುವ ಕೆಲವು ಮಕ್ಕಳೂ ಇಲ್ಲಿ ಸೈನ್ಸ್ ಬಿಟ್ಟು ಬರುತ್ತಾರೆ. ನೀಟ್ ಪರೀಕ್ಷೆಯನ್ನು 2017ರಿಂದ, ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲೂ ಬರೆಯಬಹುದು. ಆದರೆ ಪಾಠ, ನೋಟ್ಸು, ಕೋಚಿಂಗ್ ಇಂಗ್ಲಿಷಿನಲ್ಲಿರುವಾಗ ಪ್ರಶ್ನೆಪತ್ರಿಕೆ ಒಂದೇ ಕನ್ನಡದಲ್ಲಿದ್ದು ಅಷ್ಟೇನೂ ಉಪಯೋಗವಿಲ್ಲ.

ಇದಕ್ಕೆ ಖರ್ಚಿಲ್ಲದ ಒಂದು ಉಪಾಯ ಇದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎರಡೂ ಮಾಧ್ಯಮದ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಒಂಬತ್ತನೇ ತರಗತಿಯಿಂದಲೇ ವಿಜ್ಞಾನದ ಇಂಗ್ಲಿಷ್ ಪುಸ್ತಕವನ್ನೂ ಇಳಿಸಿಕೊಂಡು ಪಕ್ಕದಲ್ಲಿ ಇಟ್ಟುಕೊಳ್ಳಲಿ. ಕನ್ನಡದಲ್ಲಿ ಪಾಠ ಅರ್ಥವಾದ ಮೇಲೆ ಅದೇ ಪಾಠವನ್ನು ಇಂಗ್ಲಿಷಿನಲ್ಲಿ ಒಂದು ಸಲ ಓದಬೇಕು, ಚಿತ್ರಗಳ ಕೆಳಗಿನ ಹೆಸರುಗಳನ್ನು ಎರಡೂ ಭಾಷೆಯಲ್ಲಿ ಬರೆದಿಡಬೇಕು. ಪಿಯು ಕಾಲೇಜು ನೋಡುವಾಗ ಕನ್ನಡ ಮಾಧ್ಯಮದಿಂದ ಬಂದವರಿಗೆ ಬ್ರಿಡ್ಜ್ ಕೋರ್ಸ್ ಇದೆಯಾ, ಎಷ್ಟು ವಾರ, ಯಾರು ಮಾಡುತ್ತಾರೆ ಅಂತ ಕೇಳಿ. ‘ಇದೆ’ ಅಂದರೆ ಸಾಲದು, ಹೋದ ವರ್ಷದ ಟೈಮ್‌ಟೇಬಲ್ ತೋರಿಸಿ ಅನ್ನಿ.

ಅನಂತಮೂರ್ತಿಯವರು ತೀರ್ಥಹಳ್ಳಿಯ ಹಳ್ಳಿಯಿಂದ ಹೋಗಿ ಇಂಗ್ಲಿಷ್ ಪ್ರೊಫೆಸರ್ ಆಗಲಿಲ್ಲವೇ ಅಂತ ಸಮಾರಂಭಗಳಲ್ಲಿ ಭಾಷಣ ಮಾಡುವವರು ಕೇಳುತ್ತಾರೆ. ಆದರು, ನಿಜ. ಅಂಥವರ ಉದಾಹರಣೆ ಇಟ್ಟುಕೊಂಡು ಸಾಮಾನ್ಯ ಮಗುವಿಗೆ ಬೇಕಾದ ನೆರವನ್ನು ಮರೆಯಬಾರದು, ಅಷ್ಟೇ.

ಟ್ಯೂಷನ್, ಮೊಬೈಲು, ಲೈಬ್ರರಿ

ಮೂವತ್ತು ದಿನದ ಸ್ಪೋಕನ್ ಇಂಗ್ಲಿಷ್ ಬೋರ್ಡುಗಳು ದೊಡ್ಡವರಿಗೆ. ಏಳು ವರ್ಷದ ಮಗುವಿಗೆ ಬೇಡ. ಟ್ಯೂಷನ್ ಬೇಕೆಂದರೆ ಹೋಂವರ್ಕ್ ಬರೆಸಿ ಕಳಿಸುವವರಲ್ಲ, ಓದಿಸುವವರು ಬೇಕು. ಊರಿನಲ್ಲೇ ಡಿಗ್ರಿ ಓದುತ್ತಿರುವ ಅಕ್ಕ ಒಬ್ಬಳು ದಿನಾ ಅರ್ಧ ಗಂಟೆ ಪಕ್ಕ ಕೂತು ಓದಿಸಿದರೆ ಪೇಟೆಯ ಟ್ಯೂಷನ್ನಿಗಿಂತ ಜಾಸ್ತಿ ಕೆಲಸವಾಗುತ್ತದೆ.

ಮೊಬೈಲ್ ವಿಷಯಕ್ಕೆ ಬಂದರೆ, ನಮ್ಮ ಕಡೆ ಮೊದಲ ಪ್ರಶ್ನೆ ನೆಟ್‌ವರ್ಕ್. ಸಿಗ್ನಲ್ ಇರುವ ಗುಡ್ಡ ಹತ್ತಿದಾಗ ಇಳಿಸಿಕೊಂಡು ಬರಬಹುದಾದ್ದನ್ನೇ ಆರಿಸಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ, ಹಣ ಕೊಡಬೇಕಾಗಿಲ್ಲ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಹಿಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಾಠದ ವಿಡಿಯೋ ಬರುತ್ತದೆ. ಗ್ರಾಮ ಪಂಚಾಯಿತಿ ಲೈಬ್ರರಿಯನ್ನೂ ಮರೆಯಬೇಡಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ.

ಮನೆಯಲ್ಲಿ ನೀವು ಮಾಡಬೇಕಾದ್ದು ಕನ್ನಡದಲ್ಲೇ ಇದೆ. ‘ಇವತ್ತು ಏನು ಪಾಠ? ನಂಗೆ ಹೇಳು’ ಅನ್ನಿ. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಹೇಳಲು ಬಂದರೆ ಅರ್ಥವಾಗಿದೆ. ನೆಂಟರ ಮುಂದೆ ‘ಇಂಗ್ಲಿಷಲ್ಲಿ ಹೇಳು ನೋಡೋಣ’ ಅಂತ ನಿಲ್ಲಿಸುವುದು ಬೇಡ. ಹೊಸ ಭಾಷೆಯ ತರಗತಿಗೆ ಹೋದ ಮಗು ಮೊದಲ ಕೆಲವು ತಿಂಗಳು ಸುಮ್ನೆ ಕೇಳಿಸಿಕೊಳ್ಳುವುದು ಸಹಜ.

ಹಾಗಾದರೆ ಯಾವುದು?

ನಡೆದು ಹೋಗುವಷ್ಟು ದೂರದಲ್ಲಿ, ಓದಿಸುವ ಟೀಚರ್ ಇರುವ ಕನ್ನಡ ಶಾಲೆ ಇದ್ದರೆ ಐದನೇ ತನಕ ಅಲ್ಲೇ ಬಿಡಿ. ಮಗು ಓದಿನಲ್ಲಿ ಗಟ್ಟಿಯಾಗಲಿ, ಆರಕ್ಕೆ ಬದಲಿಸುವ ಯೋಚನೆ ಮಾಡಿ. ಊರಿನ ಶಾಲೆಯಲ್ಲಿ ಟೀಚರ್ ನಿಲ್ಲುತ್ತಲೇ ಇಲ್ಲ ಅಂತಾದರೆ ಹೋಬಳಿಯ ಕೆಪಿಎಸ್ ಅಥವಾ ಇಂಗ್ಲಿಷ್ ವಿಭಾಗ ಇರುವ ಸರ್ಕಾರಿ ಶಾಲೆ. ಖಾಸಗಿ ಶಾಲೆ ಮೂರನೆಯದು. ಅದೂ ಕನ್ನಡದಲ್ಲಿ ಕೇಳಲು ಬಿಡುವ, ವ್ಯಾನು ಅರ್ಧ ಗಂಟೆಗಿಂತ ಹೆಚ್ಚು ಓಡದ ಶಾಲೆ. ಭದ್ರಾವತಿ, ಶಿವಮೊಗ್ಗ ಸಿಟಿಯಲ್ಲಿರುವವರಿಗೆ ದೂರದ ಸಮಸ್ಯೆ ಇಲ್ಲ, ಅವರ ಲೆಕ್ಕದಲ್ಲಿ ಎರಡನೆಯದೂ ಮೂರನೆಯದೂ ಹಿಂದೆಮುಂದೆ ಆಗಬಹುದು.

ಶಾಲೆ ನೋಡಲು ಮೇ ತಿಂಗಳಲ್ಲಿ ಹೋಗಬೇಡಿ. ಆಗ ಆಫೀಸು ತೆರೆದಿರುತ್ತದೆ, ತರಗತಿ ಇರುವುದಿಲ್ಲ. ಅಡಿಕೆ ಕೆಲಸ ಮುಗಿಯುತ್ತಾ ಬರುವ ಫೆಬ್ರವರಿ ಸರಿಯಾದ ಹೊತ್ತು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹೋಗಿ, ಹತ್ತು ನಿಮಿಷ ಒಂದನೇ ತರಗತಿಯ ಹಿಂದೆ ನಿಲ್ಲುತ್ತೇವೆ ಅಂತ ಕೇಳಿ. ಎಷ್ಟು ಮಕ್ಕಳು ಪ್ರಶ್ನೆ ಕೇಳುತ್ತಾರೆ, ಯಾವ ಭಾಷೆಯಲ್ಲಿ ಕೇಳುತ್ತಾರೆ, ಟೀಚರ್ ಏನು ಮಾಡುತ್ತಾರೆ ನೋಡಿ. ಒಳಗೆ ಬಿಡಲ್ಲ ಅಂದರೆ ಮಧ್ಯಾಹ್ನ ಊಟದ ಹೊತ್ತಿಗೆ ಗೇಟಿನ ಹತ್ತಿರ ಎರಡನೇ ತರಗತಿಯ ಮಕ್ಕಳನ್ನೇ ಮಾತಾಡಿಸಿ.